ಚಳಿಗಾಲದ ಅಳಿಲು, ಮಳೆಗಾಲದ ಮನೆ

‘ಅಳಿಲು ಚಳಿಗಾಲಕ್ಕೆಂದು ಆಹಾರವನ್ನು ಕೂಡಿಡುತ್ತದೆ; ಮನುಷ್ಯನೂ ಹಾಗೆಯೇ ನಾಳೆಗಾಗಿ ಉಳಿಸಬೇಕು.’ ಉಳಿತಾಯ, ದೂರದೃಷ್ಟಿ, ಪರಿಶ್ರಮ, ಹೀಗೆ ವಿಷಯ ಯಾವುದೇ ಇರಲಿ, ಪ್ರಬಂಧದ ಉತ್ತರಪತ್ರಿಕೆಗಳಲ್ಲಿ ಈ ಮಾತು ಎಲ್ಲಿಯಾದರೂ ಒಂದೆಡೆ ತಲೆಯೆತ್ತುತ್ತದೆ. ಬರೆದ ವಿದ್ಯಾರ್ಥಿ ಕಾಸರಗೋಡಿನ ಕಡೆಯವನು. ಅವನ ಊರಿನಲ್ಲಿ ಚಳಿಗಾಲವೆಂದರೆ ಧನುರ್ಮಾಸದ ಬೆಳಗಿನ ಜಾವಕ್ಕೆ ಹೊದಿಕೆ ಇನ್ನೊಂದು ಬೇಕೆನಿಸುವುದು. ಅದಕ್ಕಿಂತ ಹೆಚ್ಚೇನೂ ಇಲ್ಲ. ಪರೀಕ್ಷೆಯ ಕೊಠಡಿಯ ಕಿಟಕಿಯಾಚೆ ತೆಂಗಿನ ಮರದಲ್ಲಿ ಅಳಿಲೊಂದು ಏರಿ ಇಳಿಯುತ್ತಿರುತ್ತದೆ. ಅದು ಯಾವ ಚಳಿಗಾಲಕ್ಕೂ ಏನನ್ನೂ ಕೂಡಿಡುತ್ತಿಲ್ಲ. ವಿದ್ಯಾರ್ಥಿ ತಲೆಯೆತ್ತಿ ನೋಡಿದರೆ ಅದು ಕಂಡೀತು. ಆದರೆ ವಾಕ್ಯ ಆಗಲೇ ಕಂಠಸ್ಥವಾಗಿದೆ. ತಲೆಯೆತ್ತುವ ಅಗತ್ಯ ಬಿದ್ದಿಲ್ಲ.

ಆ ವಾಕ್ಯ ಸುಳ್ಳೆಂದು ಹೇಳುವಂತಿಲ್ಲ. ಬೇರೊಂದು ನಾಡಿನಲ್ಲಿ, ಬೇರೊಂದು ಅಳಿಲಿನ ಮಟ್ಟಿಗೆ ಅದು ನಿಜ, ಮತ್ತು ಬಾಯಿಪಾಠದ ವಾಕ್ಯ ತಿಳಿಸುವುದಕ್ಕಿಂತ ಎಷ್ಟೋ ಹೆಚ್ಚು ನಿಜ. ಕನ್ನಡದ ವಿದ್ಯಾರ್ಥಿ ಆ ಅಳಿಲನ್ನು ಅದರ ನೆಲದಲ್ಲಿಯೇ ಚೆನ್ನಾಗಿ ತಿಳಿಯಬೇಕು. ಆ ಬಳಿಕ ತನ್ನ ಹಿತ್ತಿಲಿಗೆ ಮರಳಿ, ಇಲ್ಲಿ ಕಷ್ಟದ ಋತುವಿಗೆ ಸಿದ್ಧವಾಗುವವರು ಯಾರೆಂದು ನೋಡಬೇಕು. ಎರಡನ್ನೂ ನೋಡದೆ ನಡುವಿನ ಒಂದು ಸಾಲನ್ನು ಮಾತ್ರ ಎತ್ತಿ ಬರೆಯುವ ಅಭ್ಯಾಸದಿಂದ ಭಾಷೆಯ ಅಧ್ಯಯನಕ್ಕೇ ನಷ್ಟವಿದೆ.

ಮೊದಲು ಆ ನಾಡಿನ ಅಳಿಲು. ಅಮೆರಿಕದ ಪೂರ್ವಭಾಗದ ಊರುಗಳಲ್ಲಿ ಮನೆಮನೆಯ ಹಿಂದೆಯೂ ಕಾಣುವುದು ಬೂದು ಅಳಿಲು. ಇಲ್ಲಿಯ ಗೆರೆಯಳಿಲಿಗೆ ಹೋಲಿಸಿದರೆ ಅದರ ತೂಕ ನಾಲ್ಕೈದು ಪಟ್ಟು, ಬೆನ್ನಮೇಲೆ ಗೆರೆಗಳಿಲ್ಲ, ಬಾಲವಂತೂ ಮೈಯಷ್ಟೇ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಮನೆಗೆಂದು ನ್ಯೂಜೆರ್ಸಿಗೋ ಪೆನ್ಸಿಲ್ವೇನಿಯಕ್ಕೋ ಹೋಗಿ ಆರು ತಿಂಗಳು ಉಳಿಯುವ ಕನ್ನಡದ ಹಿರಿಯರಿಗೆ ಹಗಲಿನ ಸಂಗಾತಿ ಹೆಚ್ಚಾಗಿ ಇದೇ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದಮೇಲೆ ಅಡುಗೆಮನೆಯ ಕಿಟಕಿಯೇ ಅವರಿಗೆ ಜಗಲಿ. ಸೆಪ್ಟೆಂಬರ್ ಕೊನೆಗೆ ಓಕ್ ಮರಗಳಿಂದ ಕಾಯಿ ಉದುರತೊಡಗುತ್ತದೆ. ಅಲ್ಲಿಂದ ನವೆಂಬರ್‌ವರೆಗೆ ಕಿಟಕಿಯಾಚೆಗಿನ ಹುಲ್ಲುಹಾಸಿನಲ್ಲಿ ನಡೆಯುವುದನ್ನು ಅವರು ಊರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಾರೆ: ಒಂದು ಕಾಯಿ ಎತ್ತುತ್ತದೆ, ಹತ್ತು ಮಾರು ಓಡುತ್ತದೆ, ಮುಂಗಾಲುಗಳಿಂದ ತೋಡುತ್ತದೆ, ಕಾಯನ್ನು ಮೂತಿಯಿಂದ ಒಳಕ್ಕೆ ಒತ್ತುತ್ತದೆ, ಮಣ್ಣು ಎಳೆದು ಹುಲ್ಲನ್ನು ಸಮ ಮಾಡುತ್ತದೆ, ಮತ್ತೆ ಮರದ ಬುಡಕ್ಕೆ ಓಟ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ.

ಇಲ್ಲಿ ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ಬೂದು ಅಳಿಲಿಗೆ ಕಣಜವಿಲ್ಲ. ಒಂದು ಕುಳಿಗೆ ಒಂದೇ ಕಾಯಿ. ಒಂದು ಋತುವಿನಲ್ಲಿ ಇಂಥ ಕುಳಿಗಳು ಸಾವಿರಗಳ ಲೆಕ್ಕದಲ್ಲಿ ಆಗುತ್ತವೆ. ಉತ್ತರದ ಸೂಚಿಪರ್ಣದ ಕಾಡುಗಳಲ್ಲಿರುವ ಕೆಂಪು ಅಳಿಲಿನ ಕ್ರಮ ಬೇರೆ: ಅದು ಪೈನ್, ಸ್ಪ್ರೂಸ್ ಮರಗಳ ಶಂಕುಗಳನ್ನು ಒಂದೇ ರಾಶಿಯಾಗಿ ಒಟ್ಟಿ, ಆ ರಾಶಿಯ ಬಳಿಗೆ ಬಂದವರನ್ನೆಲ್ಲ ಗದರಿಸಿ ಓಡಿಸುತ್ತದೆ. ಬೂದು ಅಳಿಲು ಕಾವಲು ನಿಲ್ಲುವುದಿಲ್ಲ, ಹಂಚಿ ಬಚ್ಚಿಡುತ್ತದೆ. ಕಳ್ಳನಿಗೆ ಒಂದು ಸಿಕ್ಕರೂ ಉಳಿದವು ಉಳಿಯುತ್ತವೆ. ‘ಕೂಡಿಡುತ್ತದೆ’ ಎಂಬ ಕನ್ನಡದ ಕ್ರಿಯಾಪದ ಕೆಂಪು ಅಳಿಲಿಗೆ ಒಪ್ಪುತ್ತದೆ. ಬೂದು ಅಳಿಲಿಗೆ ‘ಹೂತಿಡುತ್ತದೆ’ ಎನ್ನಬೇಕು, ಅಥವಾ ‘ಚೆದುರಿಸಿಡುತ್ತದೆ’ ಎನ್ನಬೇಕು. ಕ್ರಿಯಾಪದದ ಆಯ್ಕೆಗೂ ನೋಡುವ ಕಣ್ಣಿಗೂ ಇರುವ ಸಂಬಂಧ ಇಷ್ಟು ಹತ್ತಿರದ್ದು.

ಎರಡನೆಯದು ಇನ್ನೂ ಸೂಕ್ಷ್ಮ. ಅಲ್ಲಿಯ ಓಕ್ ಮರಗಳಲ್ಲಿ ಬಿಳಿ ಓಕ್, ಕೆಂಪು ಓಕ್ ಎಂದು ಎರಡು ದೊಡ್ಡ ಬಳಗಗಳಿವೆ. ಬಿಳಿ ಓಕಿನ ಕಾಯಿ ನೆಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ, ಚಳಿಗೆ ಮೊದಲೇ, ಮೊಳೆತು ಬೇರು ಇಳಿಸುತ್ತದೆ. ಕೆಂಪು ಓಕಿನ ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಹೆಚ್ಚು, ಕೊಬ್ಬೂ ಹೆಚ್ಚು; ಅದು ಚಳಿಗಾಲವಿಡೀ ಮಲಗಿದ್ದು ವಸಂತದಲ್ಲಿ ಮೊಳೆಯುತ್ತದೆ. ಅಳಿಲು ಇವೆರಡನ್ನೂ ಬೇರೆಬೇರೆಯಾಗಿ ನಡೆಸಿಕೊಳ್ಳುತ್ತದೆ. ಬಿಳಿ ಓಕಿನ ಕಾಯಿ ಸಿಕ್ಕರೆ ಹೆಚ್ಚಾಗಿ ಅಲ್ಲಿಯೇ ಕುಳಿತು ತಿನ್ನುತ್ತದೆ; ಕೆಂಪು ಓಕಿನದಾದರೆ ಒಯ್ದು ಹೂಳುತ್ತದೆ. ಬಿಳಿ ಓಕಿನ ಕಾಯನ್ನು ಹೂಳಲೇಬೇಕಾದಾಗ ಅದರ ಚೂಪು ತುದಿಯನ್ನು ಹಲ್ಲಿನಿಂದ ಕೊರೆದು, ಒಳಗಿರುವ ಮೊಳಕೆಯ ಕಣ್ಣನ್ನು ಕಿತ್ತು, ಆಮೇಲೆ ಮಣ್ಣಿಗೆ ಹಾಕುತ್ತದೆ. ಕಣ್ಣು ಹೋದ ಕಾಯಿ ಮೊಳೆಯುವುದಿಲ್ಲ. ಅದರ ಸತ್ತ್ವ ಬೇರಿಗೆ ಹರಿದುಹೋಗದೆ ತಿಂಗಳುಗಟ್ಟಲೆ ಉಳಿಯುತ್ತದೆ. ಪೆನ್ಸಿಲ್ವೇನಿಯದ ವಿಲ್ಕ್ಸ್ ವಿಶ್ವವಿದ್ಯಾಲಯದ ಮೈಕೆಲ್ ಸ್ಟೀಲ್ ಮತ್ತು ಅವರ ಜೊತೆಯವರು ಈ ಓಕ್ ಮತ್ತು ಅಳಿಲಿನ ಸಂಬಂಧವನ್ನು ಹಲವು ವರ್ಷ ಬಿಡದೆ ಅಭ್ಯಾಸ ಮಾಡಿದ್ದಾರೆ. ಯಾರಾದರೂ ನೋಡುತ್ತಿದ್ದಾರೆಂದು ಅನ್ನಿಸಿದರೆ ಅಳಿಲು ಬರಿಯ ಕುಳಿಯನ್ನು ತೋಡಿ, ಕಾಯಿ ಹಾಕಿದಂತೆ ನಟಿಸಿ, ಮಣ್ಣು ಮುಚ್ಚಿ, ಕಾಯನ್ನು ಬಾಯಲ್ಲಿಯೇ ಇಟ್ಟುಕೊಂಡು ಬೇರೆಡೆಗೆ ಓಡುತ್ತದೆಂಬುದನ್ನು ಕಂಡವರೂ ಅವರೇ. ಉಳಿತಾಯದ ನೀತಿಪಾಠಕ್ಕೆ ಅಳಿಲನ್ನು ಕರೆತರುವವರು ಈ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹೂತಿಟ್ಟದ್ದು ಅದಕ್ಕೆ ನೆನಪಿರುತ್ತದೆಯೆ? ‘ಅಳಿಲು ಮರೆತ ಬೀಜ ಕಾಡಾಗುತ್ತದೆ’ ಎಂಬುದು ಮೊಬೈಲಿನಲ್ಲಿ ಬೆಳಗಿನ ಶುಭಾಶಯದೊಡನೆ ಬರುವ ಇನ್ನೊಂದು ಸಿದ್ಧವಾಕ್ಯ. 1991ರಲ್ಲಿ ಲೂಸಿಯಾ ಜೇಕಬ್ಸ್ ಮತ್ತು ಎಮಿಲಿ ಲಿಮನ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದೊಂದು ಬೂದು ಅಳಿಲಿಗೂ ಹತ್ತು ಹೇಜಲ್ ಕಾಯಿಗಳನ್ನು ಹೂಳಲು ಬಿಟ್ಟು, 2, 4 ಅಥವಾ 12 ದಿನಗಳ ಬಳಿಕ ಅದೇ ಜಾಗಕ್ಕೆ ಮರಳಿ ಬಿಡಲಾಯಿತು. ಬೇರೆ ಅಳಿಲುಗಳು ಹೂತ ಜಾಗದಲ್ಲಿಯೂ ಅಷ್ಟೇ ಕಾಯಿಗಳಿದ್ದವು, ವಾಸನೆಯೂ ಅಷ್ಟೇ ಇತ್ತು. ಆದರೂ ತಾನು ಹೂತದ್ದನ್ನೇ ಒಂದೊಂದು ಅಳಿಲೂ ಹೆಚ್ಚಾಗಿ ಹುಡುಕಿ ತೆಗೆಯಿತು. ಮೂಗು ಮಾತ್ರ ದಾರಿ ತೋರುತ್ತಿಲ್ಲ, ನೆನಪೂ ಇದೆ ಎಂಬುದಕ್ಕೆ ಅದು ಆಧಾರ. 2017ರಲ್ಲಿ ಇದೇ ಜೇಕಬ್ಸ್ ಮತ್ತು ಮಿಕೆಲ್ ಡೆಲ್ಗಾಡೊ ಬರ್ಕ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ‘ನರಿಯಳಿಲು’ ಎನ್ನಬಹುದಾದ ಇನ್ನೊಂದು ಜಾತಿಯ 45 ಅಳಿಲುಗಳಿಗೆ ಬಾದಾಮಿ, ಹೇಜಲ್, ಪೀಕನ್, ಅಕ್ರೋಟು ಎಂಬ ನಾಲ್ಕು ಬಗೆಯ ಕಾಯಿಗಳನ್ನು ಕೊಟ್ಟು ಹಿಂಬಾಲಿಸಿದರು. ಒಂದೇ ಕಡೆ ನಿಂತು ಕೊಟ್ಟಾಗ ಅವು ಬಾದಾಮಿಗಳನ್ನು ಒಂದು ಕಡೆ, ಅಕ್ರೋಟುಗಳನ್ನು ಇನ್ನೊಂದು ಕಡೆ, ಹೀಗೆ ವಿಂಗಡಿಸಿ ಹೂತವು. ಅಡುಗೆಮನೆಯ ಡಬ್ಬಗಳನ್ನು ಜೋಡಿಸುವವರಿಗೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂತದ್ದೆಲ್ಲವೂ ಹೊರಗೆ ಬರುವುದಿಲ್ಲ ಎಂಬುದೂ ಸರಿ. ಅಳಿಲು ಮರೆಯಬಹುದು, ಗಿಡುಗನ ಪಾಲಾಗಬಹುದು, ಆ ವರ್ಷ ಕಾಯಿ ಮಿತಿಮೀರಿ ಬಿದ್ದಿರಬಹುದು. ಉಳಿದವುಗಳಲ್ಲಿ ಕೆಲವು ಓಕ್ ಗಿಡಗಳಾಗುತ್ತವೆ.

ಇಷ್ಟೆಲ್ಲ ಸಿದ್ಧತೆ ಏಕೆಂದರೆ ಬೂದು ಅಳಿಲು ಚಳಿಗಾಲದಲ್ಲಿ ನಿದ್ದೆಹೋಗುವುದಿಲ್ಲ. ನೆಲದೊಳಗೆ ಬಿಲ ಮಾಡುವ ಅದರ ಕೆಲವು ದಾಯಾದಿಗಳು ತಿಂಗಳುಗಟ್ಟಲೆ ಮರಗಟ್ಟಿ ಮಲಗುತ್ತವೆ. ಇದು ಎಚ್ಚರವಾಗಿಯೇ ಇದ್ದು, ಮರದ ಕವಲಿನಲ್ಲಿ ಕಡ್ಡಿ ಮತ್ತು ಒಣ ಎಲೆಗಳಿಂದ ಕಟ್ಟಿದ ಉಂಡೆಯಂಥ ಗೂಡಿನಲ್ಲಿಯೋ ಪೊಟರೆಯಲ್ಲಿಯೋ ಬಾಲ ಸುತ್ತಿಕೊಂಡು, ತೀರಾ ಕಠಿಣವಾದ ದಿನಗಳನ್ನು ಕಳೆಯುತ್ತದೆ. ಎಲೆ ಉದುರಿದ ಮೇಲಷ್ಟೇ ಆ ಗೂಡುಗಳು ಕೆಳಗಿನವರ ಕಣ್ಣಿಗೆ ಬೀಳುವುದು. ಹಿಮ ನಿಂತ ದಿನ ಇಳಿದುಬಂದು, ಬೆಳ್ಳಗೆ ಮುಚ್ಚಿದ ನೆಲದಲ್ಲಿ ಒಂದು ಜಾಗವನ್ನು ಹಿಡಿದು ತೋಡಿ ತೆಗೆಯುತ್ತದೆ. ಅಷ್ಟು ಹೊತ್ತಿಗೆ ಊರಿನ ಹಿರಿಯರು ಬಹುಮಟ್ಟಿಗೆ ಮರಳಿ ವಿಮಾನ ಹತ್ತಿರುತ್ತಾರೆ.

ಅವರು ಇಳಿದು ಮನೆಗೆ ಬಂದಾಗ ಇದಿರುಗೊಳ್ಳುವ ಅಳಿಲು ಬೇರೆಯದೇ. ನೂರು ಗ್ರಾಮಿನ ಸುತ್ತ ತೂಗುವ, ಬೆನ್ನಮೇಲೆ ಮೂರು ಬಿಳಿಯ ಗೆರೆಗಳಿರುವ ಜೀವ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ತೋಟಗಳಲ್ಲಿ ಮನೆಯಲ್ಲಿ ತುಳು ಆಡುವವರಿಗೆ ಅದು ಚಣಿಲ್, ಕೊಂಕಣಿಗರಿಗೆ ಚಾನಿ, ಮಲಯಾಳದವರಿಗೆ ಅಣ್ಣಾನ್. ತಾಳವಾಡಿ, ಹೊಸೂರಿನ ಕನ್ನಡಿಗರು ನೆರೆಯಲ್ಲಿ ಕೇಳುವುದು ಅಣಿಲ್; ಮಡಕಶಿರ, ರಾಯದುರ್ಗದವರು ಉಡುತ; ಜತ್ತ, ಅಕ್ಕಲಕೋಟೆಯವರು ಖಾರ. ಕನ್ನಡದ ಒಳಗೇ ಅಳಿಲು, ಅಣಿಲು, ಇಣಚಿ ಎಂದು ಹೆಸರು ಬದಲಾಗುತ್ತದೆ. ಗಡಿಯ ಕನ್ನಡ ವಿಭಾಗದ ಒಂದು ತರಗತಿಯಲ್ಲಿ ಈ ಒಂದು ಪ್ರಾಣಿಯ ಹೆಸರು ಕೇಳಿದರೂ ನಾಲ್ಕು ಉತ್ತರಗಳು ಬರುತ್ತವೆ. ಪ್ರಬಂಧದಲ್ಲಿ ಮಾತ್ರ ಅವುಗಳಲ್ಲಿ ಯಾವ ಹೆಸರಿನ ಅಳಿಲೂ ಇರುವುದಿಲ್ಲ.

ಇಲ್ಲಿಯ ಅಳಿಲಿಗೂ ಒಂದು ನೀತಿಪಾಠ ಅಂಟಿಕೊಂಡಿದೆ. ಸೇತುವೆ ಕಟ್ಟುವಾಗ ಮರಳು ತಂದ ಅಳಿಲಿನ ಬೆನ್ನನ್ನು ರಾಮ ಸವರಿದ, ಮೂರು ಬೆರಳಿನ ಗುರುತು ಉಳಿಯಿತು ಎಂಬ ಕತೆಯಿಂದ ‘ಅಳಿಲು ಸೇವೆ’ ಎಂಬ ನುಡಿ ಕನ್ನಡದಲ್ಲಿ ನೆಲೆಸಿದೆ. ಉತ್ತರ ಭಾರತದ ಹಿತ್ತಿಲುಗಳಲ್ಲಿರುವ ಜಾತಿಗೆ ಐದು ಗೆರೆಗಳು. ಅಲ್ಲಿ ಕತೆ ಬೆರಳೆಣಿಕೆಯನ್ನು ಹೇಗೆ ಹೊಂದಿಸಿಕೊಳ್ಳುತ್ತದೆಂಬುದು ಜಾನಪದದ ವಿದ್ಯಾರ್ಥಿಗಳಿಗೆ ಬಿಟ್ಟ ವಿಚಾರ. ಈ ಕತೆಗೆ ಒಂದು ಮರ್ಯಾದೆಯುಂಟು, ಏಕೆಂದರೆ ಅದು ಹುಟ್ಟಿದ್ದು ಪ್ರಾಣಿಯ ಬೆನ್ನನ್ನು ಯಾರೋ ನಿಟ್ಟಿಸಿ ನೋಡಿದ್ದರಿಂದ. ಗೆರೆ ಎಣಿಸದವನು ಅದನ್ನು ಕಟ್ಟಲಾರ.

ಇಲ್ಲಿಯ ಅಳಿಲಿನ ದಿನಚರಿಯಲ್ಲಿ ಚಳಿಗಾಲಕ್ಕೆ ಸ್ಥಾನವಿಲ್ಲ. ವರ್ಷದ ಯಾವ ತಿಂಗಳಲ್ಲಿಯೂ ಯಾವುದೋ ಒಂದು ಮರ ಹೂವನ್ನೋ ಹಣ್ಣನ್ನೋ ಚಿಗುರನ್ನೋ ಕೊಡುವ ನೆಲದಲ್ಲಿ ಸಾವಿರ ಕುಳಿಗಳ ದುಡಿಮೆ ಏತಕ್ಕೆ? ಅದು ತೆಂಗಿನ ನಾರು, ಬಾಳೆಯ ನಾರು, ಬಟ್ಟೆಯ ಚೂರು, ಹತ್ತಿ ಯಾವುದು ಸಿಕ್ಕರೆ ಅದನ್ನು ಬಾಯಲ್ಲಿ ಮುದ್ದೆಮಾಡಿ ಹೆಂಚಿನ ಸಂದಿಗೋ ತೆಂಗಿನ ತಲೆಗೋ ಒಯ್ಯುತ್ತದೆ. ಸುಮಾರು 34 ದಿನ ಗರ್ಭ ಹೊತ್ತು ಎರಡೋ ಮೂರೋ ಮರಿ ಹಾಕುತ್ತದೆ. ಬೆಕ್ಕು ಕಂಡರೆ ಬಾಲವನ್ನು ಜಾಡಿಸುತ್ತ ಇಡೀ ತೋಟಕ್ಕೆ ಕೇಳುವಂತೆ ಕೂಗುತ್ತದೆ. ಮತ್ತೆ ಕೊಕ್ಕೋ ಹಣ್ಣನ್ನು ಕೊರೆಯುತ್ತದೆ. ಅಡಕೆ ತೋಟದ ನಡುವೆ ಕೊಕ್ಕೋ ಹಾಕಿದ ಕೃಷಿಕರಿಗೆ ಈ ಕೊನೆಯ ಮಾತಿನಲ್ಲಿ ಕಾವ್ಯವೇನೂ ಕಾಣುವುದಿಲ್ಲ. ಸಿ.ಪಿ.ಸಿ.ಆರ್.ಐ. ಎಂದೇ ಊರಿನವರೆಲ್ಲ ಬಲ್ಲ ಕಾಸರಗೋಡಿನ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ, ಇಂದು ಕೊಕ್ಕೋವನ್ನೂ ನೋಡಿಕೊಳ್ಳುತ್ತಿದೆ. ಕೊಕ್ಕೋ ಬೆಳೆಯುವವರಿಗೆ ಕೊಡುವ ತಿಳಿವಳಿಕೆಯಲ್ಲಿ ಒಂದು ಗುರುತು ಬರುತ್ತದೆ: ಇಲಿ ಕೊರೆದ ತೂತು ತೊಟ್ಟಿನ ಬಳಿ ಇರುತ್ತದೆ, ಅಳಿಲು ಕೊರೆದದ್ದು ಹಣ್ಣಿನ ನಡುಭಾಗದಲ್ಲಿ. ಅಳಿಲಿಗೆ ಬೇಕಾದದ್ದು ಬೀಜದ ಸುತ್ತಲಿನ ಸಿಹಿ ಲೋಳೆ ಮಾತ್ರ. ಬಣ್ಣ ತಿರುಗಿದ ಕೂಡಲೇ ಹಣ್ಣು ಕೊಯ್ಯುವುದೇ ಇದಕ್ಕೆ ಪರಿಹಾರವೆಂದು ಹೇಳುತ್ತಾರೆ. ತೂತು ಎಲ್ಲಿದೆ ಎಂದು ನೋಡಿ ಕಳ್ಳನನ್ನು ಗುರುತಿಸಬಲ್ಲ ತೋಟದ ಆಳು ಅಳಿಲಿನ ವಿಷಯದಲ್ಲಿ ಪ್ರಬಂಧಕಾರನಿಗಿಂತ ದೊಡ್ಡ ವಿದ್ವಾಂಸ.

ಹಾಗಾದರೆ ಈ ನೆಲದಲ್ಲಿ ಮುಚ್ಚಿದ ಋತುವಿಗೆ ಸಿದ್ಧವಾಗುವವರು ಯಾರೂ ಇಲ್ಲವೆ? ಇದ್ದಾರೆ. ಮೇ ತಿಂಗಳಲ್ಲಿ ಅಂಗಳಕ್ಕೆ ಬಂದು ನೋಡಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುವ ಸೀಮೆ ಇದು. ತೋಡು ತುಂಬಿ ಹರಿದರೆ ಪೇಟೆಗೆ ಹೋಗಲಾಗದ ಕಾಲವೊಂದಿತ್ತು. ಆಟಿ ತಿಂಗಳೆಂದರೆ ಹೊಲದಲ್ಲಿ ಬೆಳೆ ಇನ್ನೂ ಹಸುರು, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಇದ್ದದ್ದೇ ಊಟ. ಆದುದರಿಂದ ಬಿಸಿಲಿನ ಕೊನೆಯ ವಾರಗಳಲ್ಲಿ ಮನೆ ಮನೆಯೇ ಓಕ್ ಮರದ ಬುಡದ ಅಳಿಲಾಗುತ್ತಿತ್ತು. ಹಲಸಿನ ಸೊಳೆ ಉಪ್ಪು ಹಾಕಿದ ಭರಣಿಗೆ, ಹಲಸಿನ ಹಪ್ಪಳ ಚಾಪೆಗೆ, ಮಾವಿನ ಹಣ್ಣಿನ ರಸ ಪದರಪದರವಾಗಿ ಒಣಗಿ ಮಾಂಬಳವಾಗಲು ಬಿಸಿಲಿಗೆ. ಮಜ್ಜಿಗೆಯಲ್ಲಿ ಅದ್ದಿದ ಮೆಣಸು ಬಾಳಕವಾಗುತ್ತಿತ್ತು. ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಬಿಗಿದು ಅಡ್ಡದ ಕೆಳಗೆ ಸಾಲಾಗಿ ತೂಗಹಾಕುತ್ತಿದ್ದರು. ಒಂದಕ್ಕೊಂದು ತಾಗಿ ಕೊಳೆಯಬಾರದೆಂಬ ಉಪಾಯ, ಬೂದು ಅಳಿಲಿನ ಒಂದು ಕುಳಿಗೊಂದು ಕಾಯಿಯ ಹಾಗೆ. ಅಕ್ಕಿ ಬೈಹುಲ್ಲಿನ ಮುಡಿಯೊಳಗೆ ಭದ್ರ. ಕೊಟ್ಟಿಗೆಯಲ್ಲಿ ಸೌದೆ, ದನಗಳ ಕಾಲಡಿಗೆ ತರಗೆಲೆ.

ಇವುಗಳಲ್ಲೆಲ್ಲ ಹಲಸಿನ ಬೀಜದ ಕತೆ ವಿಶೇಷವಾದದ್ದು. ಹಲಸಿನ ಬೀಜಕ್ಕೂ ಬಿಳಿ ಓಕಿನ ಕಾಯಿಗೂ ಸ್ವಭಾವ ಒಂದೇ. ಭತ್ತದಂತೆ, ಹೆಸರುಕಾಳಿನಂತೆ ಒಣಗಿ ವರ್ಷಗಟ್ಟಲೆ ಜೀವ ಹಿಡಿದಿರುವ ಜಾತಿ ಇವೆರಡೂ ಅಲ್ಲ. ಪೂರ್ತಿ ಒಣಗಿದರೆ ಸಾಯುತ್ತವೆ, ತೇವ ತಾಗಿದರೆ ಮೊಳೆತುಬಿಡುತ್ತವೆ. ಇಡುವವರಿಗೆ ಕಷ್ಟ ಅಲ್ಲಿಯೇ. ಈ ಸೀಮೆಯ ಹೆಂಗಸರು ಅದಕ್ಕೆ ಎರಡು ದಾರಿ ಕಂಡುಕೊಂಡಿದ್ದರು. ಒಂದು, ಬೀಜಕ್ಕೆ ಕೆಮ್ಮಣ್ಣನ್ನು ಬಳಿದು ಮೂಲೆಯಲ್ಲಿ ಒಟ್ಟಿಡುವುದು. ಅದು ಮಳೆಗಾಲದ ಸಾಂಬಾರಿಗೆ ಹಸಿ ಬೀಜ ದೊರಕಿಸುವ ದಾರಿ. ಇನ್ನೊಂದು, ಉಪ್ಪುನೀರಿನಲ್ಲಿ ಬೇಯಿಸಿ ಕಲ್ಲಿನಂತಾಗುವವರೆಗೆ ಒಣಗಿಸಿ ಸಾಂತಾಣಿ ಮಾಡುವುದು. ಬೇಯಿಸಿದ ಬೀಜ ಮೊಳೆಯದು. ಅಳಿಲು ಹಲ್ಲಿನಿಂದ ಕಣ್ಣು ಕಿತ್ತು ಸಾಧಿಸಿದ್ದನ್ನು ಇವರು ಒಲೆಯ ಮೇಲೆ ಸಾಧಿಸಿದರು. ಓಕ್ ಮರವನ್ನು ಎಂದೂ ಕಾಣದ ಅಜ್ಜಿಯೂ ಹಲಸನ್ನು ಎಂದೂ ಕಾಣದ ಅಳಿಲೂ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಈ ಹೋಲಿಕೆ ಬಾಯಿಪಾಠದ ವಾಕ್ಯದಿಂದ ಎಂದೂ ಹೊಳೆಯುವಂಥದ್ದಲ್ಲ. ಎರಡೂ ಕಡೆ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಸಿಗುತ್ತದೆ.

ಮಳೆ ಕಡಿಮೆಯಾದ ಗಡಿಗಳಲ್ಲಿ ಹೂಳುವ ಕ್ರಮವೇ ನೇರವಾಗಿ ಇತ್ತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಜೋಳದ ಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಇಡುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಪೇವ ಎನ್ನುತ್ತಾರೆ. ಹಗೇವು ಎಂಬ ಪದ ಆ ಕಡೆಯ ಮನೆಗಳ ಹಿರಿಯರಿಗೆ ಗೊತ್ತು. ಕಾಸರಗೋಡಿನ ವಿದ್ಯಾರ್ಥಿ ಅದನ್ನು ಕೇಳಿರುವುದಿಲ್ಲ. ಮುಡಿ, ಸಾಂತಾಣಿ ಎಂಬವನ್ನು ಜತ್ತದವನು ಕೇಳಿರುವುದಿಲ್ಲ. ಇಬ್ಬರಿಗೂ ಚೆನ್ನಾಗಿ ಗೊತ್ತಿರುವುದು ಒಂದೇ: ಅಳಿಲು ಚಳಿಗಾಲಕ್ಕೆಂದು ಆಹಾರವನ್ನು ಕೂಡಿಡುತ್ತದೆ!

ಇದರಲ್ಲಿ ಅಷ್ಟು ನೊಂದುಕೊಳ್ಳುವಂಥದ್ದೇನು ಎಂದು ಕೇಳುವವರಿದ್ದಾರೆ. ಪರೀಕ್ಷೆಗೆ ನಾಲ್ಕು ಸಾಲು ಬೇಕು, ಉದ್ಯೋಗಕ್ಕೆ ಅಂಕ ಬೇಕು; ಅಳಿಲು ಎಲ್ಲಿಯದಾದರೇನು? ಈ ಮಾತನ್ನು ತಳ್ಳಿಹಾಕುವಂತಿಲ್ಲ. 1956ರ ನವೆಂಬರ್ 1ರ ಬಳಿಕ ಬೇರೆ ಭಾಷೆಯ ರಾಜ್ಯದೊಳಗೆ ಉಳಿದ ಪ್ರದೇಶದಲ್ಲಿ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಳ್ಳುವ ವಿದ್ಯಾರ್ಥಿಗೆ ನಾಳೆಯ ಅನ್ನದ ಚಿಂತೆ ಎಲ್ಲರಿಗಿಂತ ಹೆಚ್ಚು. ಆದರೆ ಅಂಥವನೇ ಇನ್ನೊಂದು ಪ್ರಶ್ನೆಯನ್ನೂ ದಿನವೂ ಎದುರಿಸುತ್ತಾನೆ: ಕನ್ನಡದಿಂದ ಏನು ಉಪಯೋಗ? ಇಂಗ್ಲಿಷಿನಿಂದ ಇಳಿದುಬಂದ ವಾಕ್ಯವನ್ನೇ ಕನ್ನಡದಲ್ಲಿ ಬರೆಯುವುದಾದರೆ ಆ ಪ್ರಶ್ನೆಗೆ ಉತ್ತರವಿಲ್ಲ, ಇಂಗ್ಲಿಷಿನಲ್ಲಿಯೇ ಬರೆಯಬಹುದಲ್ಲ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಏಕೆ ಬಳಿಯುತ್ತಾರೆ, ಕೊಕ್ಕೋ ಹಣ್ಣಿನ ತೂತು ನಡುವಿನಲ್ಲಿದ್ದರೆ ಅದರ ಅರ್ಥವೇನು, ಮುಡಿ ಕಟ್ಟುವಾಗ ಹುಲ್ಲಿನ ಹಗ್ಗ ಎಲ್ಲಿಂದ ತಿರುಗುತ್ತದೆ ಎಂಬುದನ್ನು ಬರೆಯಲು ಮಾತ್ರ ಈ ನೆಲದ ಕನ್ನಡವೇ ಬೇಕು, ಅದರ ಪಕ್ಕದಲ್ಲಿ ತುಳುವೂ ಮಲಯಾಳವೂ ಬೇಕು.

ಬ್ರಿಟನ್ನಿನಲ್ಲಿ 1876ರ ಸುಮಾರಿಗೆ ಅಮೆರಿಕದ ಬೂದು ಅಳಿಲನ್ನು ಚೆಂದಕ್ಕೆಂದು ತಂದು ಉದ್ಯಾನಗಳಲ್ಲಿ ಬಿಟ್ಟರು. ಅಲ್ಲಿಯ ಕೆಂಪು ಅಳಿಲು ಇಂದು ಇಂಗ್ಲೆಂಡಿನ ಹೆಚ್ಚಿನ ಭಾಗದಿಂದ ಮರೆಯಾಗಿ ಕೆಲವು ಮೂಲೆಗಳಲ್ಲಿ ಮಾತ್ರ ಉಳಿದಿದೆ. ಬಂದ ಅಳಿಲು ತಾನು ಸಾಯದೆ ಹೊತ್ತುತಂದ ಸಿಡುಬಿನಂಥ ರೋಗವೂ ಅದಕ್ಕೆ ಒಂದು ಕಾರಣ. ಭಾಷೆಗೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಹೊರಗಿನಿಂದ ಬಂದದ್ದೆಲ್ಲ ಕೇಡೆನ್ನುವುದಾದರೆ ಕೊಕ್ಕೋವನ್ನೂ ಗೇರನ್ನೂ ಮೆಣಸಿನಕಾಯಿಯನ್ನೂ ತೋಟದಿಂದ ಹೊರಹಾಕಬೇಕಾದೀತು. ಆದರೂ ಪಾಠದ ಅಳಿಲು ವಿದ್ಯಾರ್ಥಿಯ ಬರವಣಿಗೆಯೊಳಗೆ ಬಂದು ಕುಳಿತಮೇಲೆ ಚಣಿಲ್‌ಗೆ ಅಲ್ಲಿ ಜಾಗ ಸಿಗುತ್ತಿಲ್ಲವೆಂಬುದು ನಿಜ.

ಇದು ಸಾಹಿತ್ಯದ ಕೆಲಸವೇ ಎಂಬ ಅನುಮಾನಕ್ಕೆ ಕನ್ನಡದಲ್ಲಿಯೇ ಉತ್ತರವುಂಟು. ಕಾದಂಬರಿಕಾರರಾದ ಶಿವರಾಮ ಕಾರಂತರು ಮಕ್ಕಳಿಗೆಂದು ‘ಬಾಲ ಪ್ರಪಂಚ’ವನ್ನೂ ಆಮೇಲೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಗಿಡ ಹುಡುಕಿಕೊಂಡು ಅಲೆದ ಸಸ್ಯಶಾಸ್ತ್ರದ ಮೇಷ್ಟ್ರ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅದಕ್ಕೆ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗ್ಗೆ ಬರೆದದ್ದನ್ನು ಅವರ ಕತೆಗಳಿಂದ ಬೇರ್ಪಡಿಸಿ ಓದುವವರು ಕಡಿಮೆ. ಇವರ ಪುಸ್ತಕಗಳನ್ನು ಪಠ್ಯವಾಗಿ ಓದಿ ಟಿಪ್ಪಣಿ ಬರೆಯುವುದು ತಪ್ಪದೆ ನಡೆಯುತ್ತದೆ. ಅವರು ಮಾಡಿದಂತೆ ಹೊರಗೆ ಹೋಗಿ ನೋಡುವುದು ಮಾತ್ರ ಪಠ್ಯಕ್ರಮದ ಹೊರಗೆ ಉಳಿದಿದೆ.

ಐಚ್ಛಿಕ ಕನ್ನಡದ ಕೊನೆಯ ವರ್ಷದಲ್ಲಿ ಒಪ್ಪಿಸಬೇಕಾದ ಕಿರುಪ್ರಬಂಧಕ್ಕೆ ಕವಿಗಳ ಬದುಕು ಮತ್ತು ಬರಹವೇ ವಿಷಯವಾಗುವ ರೂಢಿಯಿದೆ. ವರ್ಷಕ್ಕೆ ಇಬ್ಬರಾದರೂ ಅದನ್ನು ಬಿಟ್ಟು, ತಮ್ಮ ಮನೆಯ ಹಿತ್ತಿಲನ್ನು ಜೂನ್‌ನಿಂದ ಮೇವರೆಗೆ ನೋಡಿ ಬರೆದರೆ ವಿಭಾಗಕ್ಕೆ ಕೊರತೆಯೇನೂ ಆಗದು. ಅಳಿಲು ಯಾವ ತಿಂಗಳು ಏನು ತಿಂದಿತು, ಗೂಡಿಗೆ ಏನು ಒಯ್ದಿತು, ಅದನ್ನು ಮನೆಯ ಅಜ್ಜಿ ಯಾವ ಮಾತಿನಲ್ಲಿ ಹೇಳಿದಳು, ನೆರೆಯ ಮಲಯಾಳಿ ಅಮ್ಮ ಯಾವ ಮಾತಿನಲ್ಲಿ ಹೇಳಿದಳು ಎಂಬುದನ್ನು ದಿನಾಂಕ ಹಾಕಿ ಬರೆದಿಟ್ಟರೆ ಸಾಕು. ಇದಕ್ಕೆ ಗ್ರಂಥಾಲಯದಲ್ಲಿ ಪುಸ್ತಕ ಸಿಗಲಿಲ್ಲವೆಂಬ ನೆಪವಿಲ್ಲ. ಮಾರ್ಗದರ್ಶಕರಿಗೂ ಮೊದಲ ಬಾರಿಗೆ, ಹಿಂದಿನ ವರ್ಷದ ಪ್ರತಿಯಲ್ಲಿ ಇಲ್ಲದ್ದೇನಾದರೂ ಓದಲು ಸಿಕ್ಕೀತು.

ಹಳೆಯದನ್ನು ಹೊಗಳುವ ಉಮೇದಿನಿಂದ ಈ ಕೆಲಸಕ್ಕೆ ಇಳಿಯುವುದು ಬೇಡ. ಸಾಂತಾಣಿ ಇಂದು ಪ್ರದರ್ಶನ ಮಳಿಗೆಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ರುಚಿಯ ವಸ್ತು. ಅಂದು ಅದು ಹಸಿವಿಗೆ ಇದಿರಾಗಿ ಇಟ್ಟುಕೊಂಡ ವಸ್ತು. ಆಟಿಯಲ್ಲಿ ಭರಣಿ ಬರಿದಾದ ಮನೆಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಹೇಳಬಲ್ಲವರು ಎಂಬತ್ತು ದಾಟಿದ್ದಾರೆ. ರೆಫ್ರಿಜರೇಟರ್ ಬಂದದ್ದು, ಪಡಿತರದ ಅಕ್ಕಿ ಬಂದದ್ದು, ತೋಡಿಗೆ ಸಂಕ ಬಂದದ್ದು ಒಳ್ಳೆಯದಕ್ಕೇ. ಕೆಮ್ಮಣ್ಣು ಬಳಿಯುವ ಕೆಲಸ ನಿಂತುಹೋದದ್ದಕ್ಕೆ ಅಳುವವರು ಅದನ್ನು ಎಂದೂ ಮಾಡದವರೇ ಇರಬೇಕು. ಕೆಲಸ ನಿಲ್ಲಲಿ. ಅದನ್ನು ಹೇಳುವ ಮಾತುಗಳನ್ನಾದರೂ ಕೇಳಿ ಬರೆದಿಡುವ ಕಿವಿ ಕನ್ನಡ ವಿಭಾಗದಲ್ಲಿ ಇರಬೇಕು. ಇನ್ನು ಹತ್ತು ವರ್ಷ ಕಳೆದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ.

ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂದಿರುತ್ತದೆ. ಕೆಲವು ಮನೆಗಳ ಅಂಗಳದಲ್ಲಿ ಈಗಲೂ ಹಪ್ಪಳದ ಚಾಪೆ ಹಾಸಿರುತ್ತದೆ, ಕಾಗೆ ಬಾರದಂತೆ ಮೂಲೆಗೊಂದು ಕರಿಯ ಬಟ್ಟೆ ಕಟ್ಟಿರುತ್ತದೆ. ಪಡುವಣದಲ್ಲಿ ಮೋಡ ಏರಿದ ಮಧ್ಯಾಹ್ನ ಒಳಗಿನಿಂದ ಯಾರೋ ಕೂಗುತ್ತಾರೆ, ಚಾಪೆ ಮಡಿಸಲು ಎಲ್ಲರೂ ಓಡುತ್ತಾರೆ. ಅಷ್ಟರಲ್ಲಿ ಚಾಪೆಯ ಅಂಚಿನಿಂದ ಎಳೆದ ನಾರೊಂದನ್ನು ಬಾಯಲ್ಲಿ ಕಚ್ಚಿಕೊಂಡು ಚಣಿಲ್ ಹೆಂಚಿನ ಸಂದಿಗೆ ಏರಿರುತ್ತದೆ.